ಅಕ್ಕಿಕಾಳು ಕೊಟ್ಟು ಕರೆದವರು

ಕಾಕೂ ತೀರಿಕೊಂಡ ಸುದ್ದಿಯನ್ನು ನನಗೆ ಮೊದಲು ಮುಟ್ಟಿಸಿದ್ದು ಅವರ ಮನೆಯವರಲ್ಲ, ನಮ್ಮ ಸಂಘದವರೂ ಅಲ್ಲ. ಪುಣೆಯ ಕಾಲುವೆ ದಂಡೆಯ ವಸ್ತಿಯ, ಅಂದರೆ ಕೂಲಿಕಾರರ ಕೇರಿಯ, ಒಬ್ಬ ಗೌಂಡಿ. ಯಾವುದೋ ಎತ್ತರದ ಕಟ್ಟಡದ ಮೇಲೆ ನಿಂತು ಫೋನು ಮಾಡಿದ್ದ. ಗಾಳಿಯ ಸದ್ದಿಗೆ ಅರ್ಧ ಮಾತು ಹಾರಿಹೋಗುತ್ತಿತ್ತು. "ಸರ್ರ, ನಮ್ಮ ಬಾಯಾರು ಹೋದ್ರಂತ್ರಿ. ನಾವೆಲ್ಲಾ ಕೆಲಸ ಬಿಟ್ಟು ಕೆಳಗ ಇಳದೀವಿ. ನೀವು ಎಲ್ಲಿದ್ದೀರಿ?" ನಾನು ಬ್ಯಾಂಕಿನ ಕೌಂಟರಿನಲ್ಲಿದ್ದೆ. ಅವನ ಬಾಯಲ್ಲಿ 'ನಮ್ಮ ಬಾಯಾರು' ಎಂಬ ಮಾತು ಕೇಳಿ, ದುಃಖಕ್ಕಿಂತ ಒಂದು ಗಳಿಗೆ ಮೊದಲು ಹೆಮ್ಮೆ ಬಂದು ಎದೆಯಲ್ಲಿ ಕೂತಿತು ಎಂದರೆ ನೀವು ತಪ್ಪು ತಿಳಿಯಬಾರದು. ಒಂದು ಕಾಲದಲ್ಲಿ ಆ ವಸ್ತಿಗೂ ನಮ್ಮ ಕಲಾಮಂದಿರಕ್ಕೂ ನಡುವೆ ಇದ್ದದ್ದು ಒಂದು ಕಾಂಪೌಂಡ್ ಗೋಡೆ, ಒಂದು ರಸ್ತೆ, ಅಷ್ಟೇ. ಆದರೂ ಮೂವತ್ತು ವರ್ಷ ಯಾರೂ ಅದನ್ನು ದಾಟಿರಲಿಲ್ಲ.

ಅವರ ಹೆಸರು ಬರೆಯುವುದಿಲ್ಲ. ಮಂದಿರಕ್ಕೆ ಬಣ್ಣ ಬಳಿಸಿದ ವರ್ಷ, ಕಾರ್ಯದರ್ಶಿಯಾಗಿದ್ದ ಅವರ ಹೆಸರಿನದೊಂದು ಫಲಕ ಹಾಕೋಣ ಎಂದು ನಾವು ಉಮೇದಿನಿಂದ ಎದ್ದಿದ್ದೆವು. "ಈಗರೆ ಬಣ್ಣ ಹಚ್ಚೀರಿ, ಅದರ ಮ್ಯಾಲ ನನ್ನ ಹೆಸರು ಬರದು ಯಾಕ ಗ್ವಾಡಿ ಹೊಲಸು ಮಾಡ್ತೀರಿ?" ಎಂದು ಬೈದು, ಫಲಕ ಬರೆಯಲು ಬಂದವನಿಗೆ ಚಹಾ ಕುಡಿಸಿ ಕಳಿಸಿಬಿಟ್ಟರು. ಹಾಗಾಗಿ ಇಲ್ಲಿಯೂ ಕಾಕೂ, ಅಂದರೆ ಚಿಕ್ಕಮ್ಮ, ಎಂದೇ ಇರಲಿ. ಅವರಿಗಿಂತ ವಯಸ್ಸಿನಲ್ಲಿ ಹಿರಿಯರಾದ ನಮ್ಮ ಅಧ್ಯಕ್ಷರೂ ಅವರನ್ನು ಹಾಗೆಯೇ ಕರೆಯುತ್ತಿದ್ದರು.

ಗಿಡ್ಡ ಆಳು. ಕೊರಳಿಗೆ ದಾರ ಕಟ್ಟಿದ ಕನ್ನಡಕ. ಕೈಯಲ್ಲಿ ಬಾರಾ ತಿಂಗಳೂ ಗಂಡಸರ ಕಪ್ಪು ಛತ್ರಿ. ಮಳೆಗೆ ಬಿಚ್ಚಿದ್ದನ್ನು ನಾನು ಹೆಚ್ಚು ಕಂಡಿಲ್ಲ. ರಸ್ತೆ ದಾಟುವಾಗ ರಿಕ್ಷಾ ನಿಲ್ಲಿಸಲಿಕ್ಕೆ, ಭಾಷಣ ಉದ್ದವಾದಾಗ ನೆಲಕ್ಕೆ ಕುಟ್ಟಲಿಕ್ಕೆ ಅದು ಬೇಕಾಗುತ್ತಿತ್ತು. ನಡಿಗೆಯಂತೂ ಬಸ್ಸು ತಪ್ಪಿತು ಅನ್ನುವವರದು. ಜೊತೆಗೆ ನಡೆದರೆ ನಾನು ಮೂವತ್ತರ ಹುಡುಗ ಏದುಸಿರು ಬಿಡುತ್ತಿದ್ದೆ, ಅವರು ಮಾತಾಡುತ್ತಲೇ ಇರುತ್ತಿದ್ದರು. ಧಾರವಾಡದ ಹುಡುಗಿ, ಹತ್ತೊಂಬತ್ತಕ್ಕೆ ಮದುವೆಯಾಗಿ ಪುಣೆಗೆ ಬಂದವರು. ಅವರ ಯಜಮಾನರು, ನಮ್ಮ ಕಾಕಾ, ರೇಲ್ವೆಯಲ್ಲಿದ್ದರು, ಭಾಳ ಮೆತ್ತಗಿನ ಮನುಷ್ಯ. "ನಮ್ಮ ಮನ್ಯಾಗ ಎರಡು ಮಂದೀಗೆ ಆಗೂವಷ್ಟು ಮಾತು ನಾನ ಆಡಿಬಿಡ್ತೀನಿ, ಅವರು ಕುಕ್ಕರಿನ ಸೀಟಿ ಎಣಿಸ್ತಾರ" ಎನ್ನುತ್ತಿದ್ದರು.

ನೌಕರಿ ನಗರಪಾಲಿಕೆಯ ನೀರಿನ ಆಫೀಸಿನಲ್ಲಿ. ತಕರಾರು ಕೇಳುವ ಕಿಟಕಿಯ ಹಿಂದೆ ಮೂವತ್ತು ವರ್ಷ. ಪುಣೆಯ ಯಾವ ಗಲ್ಲಿಗೆ ಎಷ್ಟು ಗಂಟೆಗೆ ನೀರು ಬರುತ್ತದೆ, ಎಷ್ಟೊತ್ತು ನಿಲ್ಲುತ್ತದೆ, ಎಲ್ಲಿ ಸಣ್ಣಗೆ ಹರಿಯುತ್ತದೆ ಎಲ್ಲ ಬಾಯಿಪಾಠ. ಮದುವೆಯ ಮಾತುಕತೆಗೆ ಬಂದವರು ಹುಡುಗನ ಮನೆಯ ವಿಳಾಸ ಹೇಳಿದರೆ, "ಛಲೋ ಸ್ಥಳ ಬಿಡ್ರಿ, ಅಲ್ಲಿ ಎರಡು ಹೊತ್ತು ನೀರು" ಎಂದು ಸಂಬಂಧಕ್ಕೆ ಒಪ್ಪಿಗೆಯನ್ನೇ ಕೊಟ್ಟುಬಿಡುತ್ತಿದ್ದರು.

ಆ ಕಿಟಕಿಯ ಒಂದು ಸಂಗತಿ ಅವರ ಬಾಯಿಂದಲ್ಲ, ಅವರ ಜೊತೆಗೆ ಕೆಲಸ ಮಾಡಿದವರಿಂದ ಕೇಳಿದ್ದು. ತಕರಾರು ಹೇಳಲು ಬಂದವರು ಹೊರಗೆ ಬಿಸಿಲಲ್ಲಿ ನಿಲ್ಲುವುದು ರೂಢಿ. ಕಾಕೂ ಒಂದು ದಿನ ಸಿಪಾಯಿಯನ್ನು ಜೊತೆಗೆ ಕರೆದುಕೊಂಡು ಉದ್ದನೆಯ ಬೆಂಚೊಂದನ್ನು ಒಳಗೆ ಎಳೆಸಿ ಎಲ್ಲರನ್ನೂ ಕೂಡಿಸಿದರು. ಸಾಹೇಬರು ಬಂದು ಇದೇನು ಎಂದು ಕೇಳಿದರು. ಕಾಕೂ ಮರಾಠಿಯಲ್ಲಿ, "ಸಾಹೇಬ, ಘರೀ ಪಾಣ್ಯಾಸಾಠೀ ಉಭೇಚ್ ಅಸತಾತ, ಇಥೇ ತರೀ ಬಸೂ ದ್ಯಾ" ಅಂದರಂತೆ. ಮನೆಯಲ್ಲಿ ನೀರಿಗಾಗಿ ನಿಂತೇ ಇರುತ್ತಾರೆ, ಇಲ್ಲಾದರೂ ಕೂಡಲಿ ಎಂದು. ಸಾಹೇಬರು ನಕ್ಕು ಹೋದರು. ಬೆಂಚು ಅಲ್ಲೇ ಉಳಿಯಿತು.

ಇನ್ನು ಕಲಾಮಂದಿರದ ವಿಷಯ. ಅದನ್ನು ಕಟ್ಟಿದವರು ಹಿಂದಿನ ತಲೆಮಾರಿನ ನಮ್ಮ ಹಿರಿಯರು: ಬಿಜಾಪುರ, ಬಾಗಲಕೋಟೆ, ಧಾರವಾಡದ ಕಡೆಯಿಂದ ಬಂದ ಬಟ್ಟೆ ವ್ಯಾಪಾರಿಗಳು, ಮಿಲಿಟರಿ ಲೆಕ್ಕದ ಆಫೀಸಿನ ಗುಮಾಸ್ತರು. ಸ್ವಾರಗೇಟದ ಬಸ್ ನಿಲ್ದಾಣದಿಂದ ಕಾಲ್ನಡಿಗೆಯ ದೂರದಲ್ಲಿ, ಕಾಲುವೆಯ ಬದಿ, ಒಂದು ರಂಗ, ಕಟ್ಟಿಗೆಯ ಕುರ್ಚಿಗಳ ಸಾಲು, ಬಣ್ಣ ಹಚ್ಚಿಕೊಳ್ಳುವ ಎರಡು ಕೋಣೆ. ಹೊಸ ಸೊಸೆಯಾಗಿ ಬಂದ ಕಾಕೂ ಈ ಊರಲ್ಲಿ ತಮ್ಮ ಭಾಷೆಯನ್ನು ಮತ್ತೆ ಕಿವಿತುಂಬ ಕೇಳಿದ್ದು ಅಲ್ಲಿ. ಮಹಿಳಾ ಮಂಡಳದ ನಾಟಕಗಳಿಗೆ ಪರದೆಯ ಸಂದಿಯಲ್ಲಿ ನಿಂತು ಮಾತು ಎತ್ತಿಕೊಡುವ ಕೆಲಸವನ್ನು ಎಷ್ಟೋ ವರ್ಷ ಮಾಡಿದ್ದರು. ರಂಗದ ಮೇಲೆ ಒಮ್ಮೆಯೂ ಕಾಣಿಸಿಕೊಳ್ಳಲಿಲ್ಲ. "ನಾನು ಆ ಜಾಗಾದಾಗ ನಿಂತು ಕನ್ನಡ ಪಿಸುಗುಟ್ಟಿದ್ದಕ್ಕ ಈ ಊರಾಗ ಬದುಕಿ ಉಳದೆ, ತಮ್ಮಾ" ಎಂದು ನನಗೊಮ್ಮೆ ಹೇಳಿದ್ದರು. ನಗುತ್ತಲೇ ಹೇಳಿದ್ದು. ಆದರೆ ಆ ಮಾತು ಆಡಿದ ಮೇಲೆ ಕನ್ನಡಕ ತೆಗೆದು ಸೆರಗಿನಿಂದ ಭಾಳ ಹೊತ್ತು ಒರೆಸಿಕೊಂಡರು.

ತೊಂಬತ್ತರ ದಶಕ ನಡುವಿಗೆ ಬಂದಾಗ ಮಂದಿರ ಸೊರಗಿತ್ತು. ಹಳೇ ಸದಸ್ಯರು ಕೋಥರೂಡಕ್ಕೆ, ಪಿಂಪ್ರಿ-ಚಿಂಚವಾಡಕ್ಕೆ ಮನೆ ಬದಲಿಸಿದ್ದರು. ರವಿವಾರ ಸಂಜೆ ಎರಡು ಬಸ್ಸು ಹಿಡಿದು ಬರುವ ಬದಲು ಟೀವಿ ಮುಂದೆ ಕೂಡುತ್ತಿದ್ದರು. ಒಂದು ಸಲ ಧಾರವಾಡದಿಂದ ಒಬ್ಬ ಹಿರಿಯ ಗಾಯಕರನ್ನು ಕರೆಸಿದ್ದೆವು. ಅವರು ತಂಬೂರಿ ಕೂಡಿಸುತ್ತ, ಕೂಡಿಸುತ್ತ, ಮತ್ತೂ ಕೂಡಿಸುತ್ತ ಕೊನೆಗೆ ತಲೆಯೆತ್ತಿ, "ಮಂದಿ ಇನ್ನೂ ಬರೂವ್ರು ಇದ್ದಾರೇನ್ರಿ?" ಎಂದು ಕೇಳಿದರು. ಎದುರಿಗೆ ಇದ್ದವರು ಹನ್ನೊಂದು ಜನ. ಅದರಲ್ಲಿ ನಾವು ಕಮಿಟಿಯವರು ಆರು, ವಾಚಮನ್ ಒಬ್ಬ. ನಾನು "ಬರ್ತಾರ್ರೀ, ಟ್ರಾಫಿಕ್" ಎಂದೆ. ಆ ಸುಳ್ಳಿನ ನಾಚಿಕೆ ಈಗಲೂ ಹೋಗಿಲ್ಲ.

ಅದಾದ ಮೇಲಿನ ಸಭೆಯಲ್ಲಿ ಅಧ್ಯಕ್ಷರು ಮಾತು ತೆಗೆದರು. ಲಕ್ಷ್ಮೀ ರಸ್ತೆಯಲ್ಲಿ ಸೀರೆಯ ಅಂಗಡಿ ಇಟ್ಟವರು, ಕೆಟ್ಟವರಲ್ಲ, ಮಂದಿರದ ಪರದೆಗಳಿಗೆ ಬಟ್ಟೆ ಎಲ್ಲ ಅವರದೇ. "ಒಬ್ಬಾಂವ ಮಂಗಲ ಕಾರ್ಯಾಲಯ ನಡಸಾಂವ ಕೇಳ್ಲಿಕತ್ತಾನ. ಕರಾರು ಮಾಡಿ ಕೊಟ್ಟುಬಿಡೋಣು. ಮದುವಿ ಮುಂಜಿವಿ ಆಗ್ತಾವ, ಜಾಗಾ ಸ್ವಚ್ಛರೆ ಇರ್ತದ" ಎಂದರು. ಅಂದರೆ ರಂಗ ಒಡೆದು ಊಟದ ಪಂಕ್ತಿಗೆ ಜಾಗ ಮಾಡುವುದು. ಆ ವರ್ಷವಷ್ಟೇ ನೌಕರಿಯಿಂದ ನಿವೃತ್ತರಾಗಿ ಕಾರ್ಯದರ್ಶಿಯಾಗಿದ್ದ ಕಾಕೂ ಛತ್ರಿಯಿಂದ ಒಮ್ಮೆ ನೆಲ ಕುಟ್ಟಿದರು.

"ದೀಪಾವಳಿತನಾ ನನಗ ಬಿಡ್ರಿ. ಒಮ್ಮೆ, ಒಂದ ಒಮ್ಮೆ, ಈ ಕುರ್ಚಿ ತುಂಬಿಸಿ ತೋರಸ್ತೀನಿ. ತುಂಬಲಿಲ್ಲಂದ್ರ ಕೀಲಿಕೈ ನಾನ ತಂದು ನಿಮ್ಮ ಅಂಗಡ್ಯಾಗ ಇಡ್ತೀನಿ."

"ಯಾರನ್ನ ತಂದು ತುಂಬಸ್ತೀರಿ ಕಾಕೂ? ನಮ್ಮ ಮಂದಿ ಎಲ್ಲಿ ಉಳದಾರ ಇಲ್ಲಿ?"

"ಗ್ವಾಡಿ ಆಚೆ ಇದ್ದಾರಲ್ಲ."

ಗೋಡೆಯಾಚೆ ಇದ್ದದ್ದು ವಸ್ತಿ. ಅಫಜಲಪುರ, ಸಿಂದಗಿ, ಯಾದಗಿರಿಯ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ತಗಡಿನ ಮನೆಗಳು, ನಡುವೆ ಒಂದು ಸಾರ್ವಜನಿಕ ನಳ. ಅಲ್ಲಿ ಬೆಳಗಿನಿಂದ ಸಂಜೆಯವರೆಗೂ ಕೇಳುವುದು ಕನ್ನಡವೇ. ಆದರೆ 'ಪುಣೆಯ ಕನ್ನಡಿಗರು' ಎಂದು ನಾವು ಭಾಷಣದಲ್ಲಿ ಹೇಳುವಾಗ ಅವರು ನಮ್ಮ ಕಣ್ಣಮುಂದೆ ಬರುತ್ತಿರಲಿಲ್ಲ. ಇದನ್ನು ಒಪ್ಪಿಕೊಳ್ಳಲೇಬೇಕು.

ಮೊದಲ ಪೆಟ್ಟಿಗೆ ನಾನು ನನ್ನ ಜಾಣತನ ತೋರಿಸಿದೆ. ಚಂದದ ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸಿ, ಒಂದು ಮುಂಜಾನೆ ವಸ್ತಿಯ ಬಾಗಿಲ ಸಂದಿಗಳಲ್ಲಿ ಸಿಕ್ಕಿಸಿ ಬಂದೆ. ರವಿವಾರ ಸಂಜೆ ಆರೂವರೆಗೆ ಭಾವಗೀತೆಗಳ ಕಾರ್ಯಕ್ರಮ, ಪ್ರವೇಶ ಪುಕ್ಕಟೆ. ಒಬ್ಬರೂ ಬರಲಿಲ್ಲ. ಒಬ್ಬರೂ ಅಂದರೆ ಒಬ್ಬರೂ. ಕಾಕೂ ಮರುದಿನ ಸಂಜೆ ನನ್ನನ್ನು ಕರೆದುಕೊಂಡು ವಸ್ತಿಯ ನಳದ ಹತ್ತಿರ ಹೋಗಿ ಒಂದು ಡಬ್ಬಿಯ ಮೇಲೆ ಕೂತುಬಿಟ್ಟರು. ಆರೂಕಾಲಿಗೆ ನಳ ಕೆಮ್ಮಿತು, ಗೊರಗೊರ ಅಂದಿತು, ನೀರು ಬಂತು. ಎಲ್ಲ ಮನೆಯ ಹೆಂಗಸರೂ ಕೊಡ ಹಿಡಿದು ಅಲ್ಲಿ.

ಕಾಕೂ ಹಣೆ ಬಡಿದುಕೊಂಡರು. "ಮೂವತ್ತು ವರ್ಷ ಇದ ಕೆಲಸ ಮಾಡಿ, ಈ ಗಲ್ಲಿಗೆ ಆರೂಕಾಲಿಗೆ ನೀರು ಅಂತ ಬಾಯಿಪಾಠ ಇದ್ದು, ನಾನ ಆರೂವರೀಗೆ ಹಾಡು ಇಡಿಸಿದೆನಲ್ಲೋ! ನನಗ ಯಾರು ಬೈಬೇಕು ಈಗ?"

ಕೊಡ ತುಂಬಿಸುತ್ತಿದ್ದ ಹೆಂಗಸೊಬ್ಬಳು ತಿರುಗಿ ನೋಡಿದಳು. ಶರಣಮ್ಮ ಅಂತ, ವಸ್ತಿಯಲ್ಲಿ ನಾಲ್ಕು ಜನ ಕೇಳುವ ಮಾತು ಅವಳದು. "ನೀರು ಬರದಿದ್ರೂ ನಾವು ಬರ್ತಿದ್ದಿಲ್ರೀ ಬಾಯಾರ."

"ಯಾಕವ್ವಾ?"

"ನೀವು ಚೀಟಿ ಒಗದು ಹೋದ್ರಿ. ಕರದಿಲ್ಲಲ್ಲ?" ಎಂದಳು. ನನ್ನ ಕಡೆ ಬೆರಳು ತೋರಿಸಿ, "ಈ ಸರ್ರು ಕಳ್ಳನಂಗ ಬಂದು ಬಾಗಲದಾಗ ಕಾಗದ ತುರುಕಿ ಹೋಗ್ಯಾರ. ಲೈಟ್ ಬಿಲ್ಲು ಬಂತೇನಂತ ನಾ ಹೆದರೀನಿ!" ನಳದ ಸುತ್ತ ಎಲ್ಲರೂ ನಕ್ಕರು. ಅವಳ ಮಾತು ಮುಗಿದಿರಲಿಲ್ಲ. "ನಿಮ್ಮ ಮಂದಿರದ ಆ ಗ್ವಾಡಿ ಬಿದ್ದಾಗ ಕಟ್ಟದವ್ರು ನಮ್ಮ ಮಾವನೋರು. ಬಿಸಲಾಗ ನಾಕು ದಿನ ಕಟ್ಯಾರ. ಒಳಗ ಬರ್ರಿ, ನೋಡ್ರಿ ಅಂತ ಒಬ್ರೂ ಅಂದಿಲ್ಲ. ಈಗ ಚೀಟಿ ಒಗದ್ರ ಬರ್ಬೇಕೇನ್ರಿ?"

ಮರಳಿ ಬರುವಾಗ ಕಾಕೂ ಮೆಲ್ಲಗೆ ನಡೆದರು. ಅವರ ಜೊತೆ ನಡೆದು ನನಗೆ ಏದುಸಿರು ಬರದ ದಿನ ಅದೊಂದೇ. ಮಂದಿರದ ಗೇಟಿನ ಹತ್ತಿರ ನಿಂತು ಅಂದರು: "ಆಕೀ ಅಂದದ್ದು ಖರೇ ಅದ ತಮ್ಮಾ. ನಮ್ಮ ಮನೀ ಮದುವೀಗೆ ಹಿಂಗ ಕರೀತಿದ್ದಿವೇನು? ನಾಳೆ ಕುಂಕುಮದ ಭರಣಿ ತಗೊಂಡು ಬರ್ತೀನಿ. ನೀ ಅಕ್ಕಿ ತಾ."

ನಮ್ಮ ಕಡೆ ಶುಭಕಾರ್ಯಕ್ಕೆ ಕರೆಯುವ ರೀತಿಯೊಂದಿದೆ. ಮನೆಗೆ ಹೋಗಿ, ಹೊಸ್ತಿಲ ಒಳಗೆ ಕೂತು, ಹೆಣ್ಣುಮಕ್ಕಳಿಗೆ ಅರಿಷಿಣ-ಕುಂಕುಮ ಹಚ್ಚಿ, ಕೈಗೆ ನಾಲ್ಕು ಅಕ್ಕಿಕಾಳು ಹಾಕಿ ಬಾಯಿಬಿಟ್ಟು ಹೇಳಬೇಕು. ಅದೂ ಹಿರಿಯರ ಮನೆಯಿಂದ ಸುರು. ಆಗಲೇ ಕರೆದಂತೆ. ಹೀಗಾಗಿ ಮೊದಲು ಹೋದದ್ದು ಶರಣಮ್ಮನ ಮಾವನ ಮನೆಗೆ. ಎಲ್ಲರೂ ಅವರನ್ನು ಮುತ್ಯಾ, ಅಂದರೆ ಅಜ್ಜ, ಎನ್ನುತ್ತಿದ್ದರು. ಬಿಳಿ ಮೀಸೆ, ಸುಣ್ಣದಿಂದ ಬಿರಿದ ಅಂಗೈ. ಕಾಕೂ ಚಾಪೆಯ ಮೇಲೆ ಕೂತು, "ಮುಂದಿನ ಗುರುವಾರ ಮಧ್ಯಾಹ್ನ ಮೂರಕ್ಕ ನಮ್ಮಲ್ಲಿ ನಾಟಕ ಅದ. ಮನಿಮಂದಿ ಎಲ್ಲಾರೂ ಬರಬೇಕು. ನೀವು ಬಂದು ಕೂತಮ್ಯಾಲೇ ಪರದೆ ಏಳ್ತದ" ಎಂದರು. ಮುತ್ಯಾ ಅಕ್ಕಿಕಾಳನ್ನು ಅಂಗೈಯಲ್ಲಿ ಹಿಡಿದುಕೊಂಡು ನೋಡುತ್ತ ಕೂತರು. ಆಮೇಲೆ ಸೊಸೆಗೆ, "ಚಾ ಇಡವಾ" ಎಂದರು.

ಗುರುವಾರ ಯಾಕೆಂದರೆ ವಸ್ತಿಯವರಿಗೆ ಮೇಸ್ತ್ರಿ ವಾರದ ಸೂಟಿ ಕೊಡುತ್ತಿದ್ದದ್ದು ಗುರುವಾರ. ಇದನ್ನೂ ನಾವು ಮೂವತ್ತು ವರ್ಷದಲ್ಲಿ ಕೇಳಿರಲಿಲ್ಲ. "ಗುರುವಾರ ಮಟಮಟ ಮಧ್ಯಾಹ್ನ ಯಾರು ಬರ್ತಾರ ಕಾಕೂ?" ಎಂದು ಅಧ್ಯಕ್ಷರು ಫೋನಿನಲ್ಲಿ ಗೊಣಗಿದ್ದಕ್ಕೆ, "ಯಾರು ಬರಬೇಕಂತೀವೋ ಅವರು" ಎಂದು ಫೋನು ಇಟ್ಟರು. ವಸ್ತಿಯ ಎಲ್ಲ ಮನೆ ಮುಗಿಸಲಿಕ್ಕೆ ಒಂದು ವಾರ ಹಿಡಿಯಿತು. ಪ್ರತಿ ಮನೆಯಲ್ಲೂ ಚಹಾ. ಬ್ಯಾಡ ಅನ್ನುವಂತಿಲ್ಲ. "ಕುಡಿ, ಬಶಿ ತುಂಬ ಹಾಕ್ಕೊಂಡು ಕುಡಿ. ನೀ ಕುಡದಷ್ಟು ಕುರ್ಚಿ ತುಂಬ್ತಾವ" ಎಂದು ಕಾಕೂ ನನ್ನನ್ನು ಹುರಿದುಂಬಿಸುತ್ತಿದ್ದರು. ಆ ವಾರ ನಾನು ನಿದ್ದೆ ಮಾಡಿದ್ದು ಬ್ಯಾಂಕಿನಲ್ಲಿ ಮಾತ್ರ.

ಗುರುವಾರ ಬಂತು. ಎರಡೂವರೆ ಆಯಿತು, ಗೇಟಿನಲ್ಲಿ ನಾನು, ಕಾಕೂ, ಅಂಗಡಿ ಬಿಟ್ಟು ಬಂದ ಅಧ್ಯಕ್ಷರು. ರಸ್ತೆ ಖಾಲಿ. ಕಾಕೂ ಛತ್ರಿಯ ಹಿಡಿಕೆಯನ್ನು ಎರಡೂ ಕೈಯಿಂದ ಹಿಡಿದು ನಿಂತಿದ್ದರು. ಎರಡೂ ಮುಕ್ಕಾಲಿಗೆ ವಸ್ತಿಯ ಮೂಲೆಯಿಂದ ಮುತ್ಯಾ ತಲೆಗೆ ಸುತ್ತಿದ ಪಟಗ ಕಂಡಿತು. ಹಿಂದೆ ಹೆಂಗಸರು, ಗಂಡಸರು, ತೊಳೆದ ಬಟ್ಟೆ, ಎಣ್ಣೆ ಹಚ್ಚಿ ಬಾಚಿದ ತಲೆ, ಹೂವು. ಇಡೀ ವಸ್ತಿ! ನನಗೆ ಕುಣಿಯಬೇಕು ಅನಿಸಿತು. ಆದರೆ ಅವರು ಹತ್ತಿರ ಬಂದಾಗ ನೋಡಿದರೆ ಒಬ್ಬರ ಕೈಯೂ ಖಾಲಿ ಇಲ್ಲ. ಒಬ್ಬಳ ಕೈಯಲ್ಲಿ ಬುತ್ತಿಯ ಗಂಟು, ಇನ್ನೊಬ್ಬಳ ಬುಟ್ಟಿಯಲ್ಲಿ ಕಡಕ್ ರೊಟ್ಟಿ, ಶೇಂಗಾದ ಹಿಂಡಿ. ಟೆಂಗಿನಕಾಯಿ, ಜೋಳ, ಬೆಲ್ಲ, ಮಡಿಕೆ ಹಾಕಿದ ಕುಬಸದ ಖಣ. ಮುಯ್ಯಿ ತಂದಿದ್ದರು, ಮುಂದೆ ಅವರ ಮನೆಯ ಕಾರ್ಯಕ್ಕೆ ನಾವು ಮರಳಿಸಬೇಕಾದ ಉಡುಗೊರೆ. ಅಕ್ಷತೆ ಕೊಟ್ಟು ಕರೆದ ಮನೆಗೆ ಬರಿಗೈಯಲ್ಲಿ ಹೋಗುವುದು ಅವರಲ್ಲಿ ಇಲ್ಲ. ಕರೆಯುವ ರೀತಿ ಗೊತ್ತಿದ್ದ ನಮಗೆ, ಹಾಗೆ ಕರೆದರೆ ಮುಂದೆ ಏನಾಗುತ್ತದೆ ಎಂಬುದು ಮಾತ್ರ ಹೊಳೆದಿರಲಿಲ್ಲ.

ಅಧ್ಯಕ್ಷರು ಗಾಬರಿಯಾದರು. "ಅಯ್ಯ, ಇದೇನ್ರಿ ಇದು? ಇಲ್ಲ, ಇಲ್ಲ, ಇದೆಲ್ಲಾ ಬ್ಯಾಡ. ಇದು ಕಲಾಮಂದಿರ, ಮದುವಿ ಮನಿ ಅಲ್ಲ. ಪುಕ್ಕಟೆ ಅದ, ಪುಕ್ಕಟೆ! ಅವನ್ನೆಲ್ಲಾ ಹೊರಗ ಇಟ್ಟು ಒಳಗ ಹೋಗ್ರಿ" ಎಂದು ಎರಡೂ ಕೈ ಅಡ್ಡ ಹಿಡಿದರು. ಪಾಪ, ಅವರು ಅಂದದ್ದು ಸಂಕೋಚಕ್ಕೆ. ಆದರೆ ಮುತ್ಯಾ ಎತ್ತಿದ ಕಾಲನ್ನು ಮೆಟ್ಟಿಲಿಂದ ಹಿಂದಕ್ಕೆ ಇಟ್ಟರು. ಹಿಂದಿನ ಸಾಲು ನಿಂತಿತು. ಶರಣಮ್ಮ ಬಿಚ್ಚುತ್ತಿದ್ದ ಗಂಟನ್ನು ಮತ್ತೆ ಬಿಗಿದಳು. "ನಡೀರಿ ಮಾವಾ," ಎಂದಳು, "ನಮ್ಮದು ಇವರಿಗೆ ನಡಿಯೂದಿಲ್ಲ."

ಕಾಕೂ ಓಡಿದರು. ನಿಜವಾಗಿ ಓಡಿದರು. ಒಳಗಿನಿಂದ ಜಮಖಾನೆಯ ಒಂದು ತುದಿ ಹಿಡಿದು ಎಳೆದುಕೊಂಡು ಬಂದು ಬಾಗಿಲ ಒಳಗೆ ಹಾಸಿದರು, ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. "ಅಧ್ಯಕ್ಷರ, ಬರ್ರಿ, ಕೂಡ್ರಿ ಇಲ್ಲೆ. ಮುಯ್ಯಿ ನಿಂತು ತಗೊಳ್ಳೂದಿಲ್ಲ." ಆ ದನಿ ನಾನು ಮೊದಲು ಕೇಳಿರಲಿಲ್ಲ. ಅಧ್ಯಕ್ಷರು ಪ್ಯಾಂಟಿನ ಇಸ್ತ್ರಿಯನ್ನೂ ಲೆಕ್ಕಿಸದೆ ಕೂತರು. "ಮುತ್ಯಾ," ಎಂದು ಕಾಕೂ ಕೈ ಮುಗಿದರು, "ನಮ್ಮ ಅಧ್ಯಕ್ಷರು ಊರು ಬಿಟ್ಟು ಭಾಳ ವರ್ಷ ಆತು. ರೀತಿ ಮರತಾರ. ಒಳಗ ಬರ್ರಿ."

ಮುತ್ಯಾ ಮೆಟ್ಟಿಲು ಹತ್ತಿ ಬಂದು, ಬಗ್ಗಿ, ಟೆಂಗಿನಕಾಯಿಯನ್ನೂ ಒಂದು ಖಣವನ್ನೂ ಅಧ್ಯಕ್ಷರ ಕೈಯಲ್ಲಿ ಇಟ್ಟರು. ಸಾವಿರಾರು ರೂಪಾಯಿಯ ಸೀರೆ ಮಾರುವ ಅಧ್ಯಕ್ಷರು ಆ ಖಣವನ್ನು ಕಣ್ಣಿಗೆ ಒತ್ತಿಕೊಂಡರು. ರೂಢಿಬಲದಿಂದ ಹೆಬ್ಬೆರಳಲ್ಲಿ ಬಟ್ಟೆ ತಿಕ್ಕಿ ನೋಡಿ, "ಛಲೋ ಅರಿವಿ. ನಮ್ಮಂಗಡೀದೇನು?" ಎಂದರು.

"ಇಲ್ರೀ ಸಾವಕಾರ್ರ, ಸಂತೀದು" ಎಂದಳು ಶರಣಮ್ಮ ಹಿಂದಿನಿಂದ. "ನಿಮ್ಮಂಗಡಿ ಮೆಟ್ಟಲಾ ಹತ್ತಾಕ ಧೈರ್ಯ ಬೇಕ್ರೀ. ನಿಮ್ಮ ಮಂದಿರದ ಮೆಟ್ಟಲಾ ಹತ್ತಾಕ ಇಷ್ಟ ವರ್ಷ ಹಿಡೀತು!"

ಸಾಲಿಗೆ ಸಾಲೇ ನಕ್ಕಿತು. ಎಲ್ಲರಿಗಿಂತ ದೊಡ್ಡದಾಗಿ ನಕ್ಕವರು ಅಧ್ಯಕ್ಷರು.

ಕುರ್ಚಿಗಳೆಲ್ಲ ತುಂಬಿ ಜನ ಗೋಡೆಗೆ ಒರಗಿ ನಿಂತರು. ನಾಟಕ ಮಹಿಳಾ ಮಂಡಳದವರದು, ಅತ್ತೆ-ಸೊಸೆಯ ಜಗಳದ ಹಾಸ್ಯ. ನಮ್ಮ ಕಲಾವಿದೆಯರು ಪ್ರೇಕ್ಷಕರ ಕೆಮ್ಮಿನ ಸದ್ದು ಮಾತ್ರ ಕೇಳಿ ರೂಢಿ ಇದ್ದವರು. ಇಲ್ಲಿ ಜನ ಮಾತಿಗೆ ಮಾತು ಕೊಡತೊಡಗಿದರು. "ಸುಮ್ನ ಯಾಕ ನಿಂತಿ, ಹೇಳವಾ ಆಕೀಗೆ!" ಎಂದು ಯಾರೋ ಸೊಸೆಗೆ ಹುಕುಂ ಕೊಟ್ಟರು. ಸೊಸೆಯ ಪಾತ್ರದವಳು ನಗು ತಡೆಯಲಾರದೆ ಮಾತು ಮರೆತಳು. ಪರದೆಯ ಸಂದಿಯಿಂದ ಕಾಕೂ ಪಿಸುಗುಟ್ಟಿದರು, ಆಕೆಗೆ ಕೇಳಿಸಲಿಲ್ಲ. ಮತ್ತೆ ಪಿಸುಗುಟ್ಟಿದರು. ಮೊದಲ ಸಾಲಿನ ಮುದುಕಿಯೊಬ್ಬಳು ತಡೆಯಲಾರದೆ ಕೂಗಿದಳು: "ಯವ್ವಾ, ಒಳಗಿನ ಬಾಯಾರು ಹೇಳಾಕತ್ತಾರ, ಕೇಳಸ್ಕೋ! 'ಅಡಗಿ ನಿಮ್ಮ ಮಗಾ ಮಾಡ್ಲಿ' ಅನ್ನಬೇಕಂತ!" ಆ ಮಾತಿಗೆ ಬಿದ್ದ ಚಪ್ಪಾಳೆ ಆ ಮಂದಿರದ ಛಾವಣಿ ಎಂದೂ ಕೇಳಿದ್ದಲ್ಲ.

ಜನ ಹೋದ ಮೇಲೆ ಅಧ್ಯಕ್ಷರು ಜೋಳ-ರೊಟ್ಟಿಗಳ ರಾಶಿಯ ಪಕ್ಕ ನಿಂತು ತಲೆ ತುರಿಸಿಕೊಂಡರು. "ತುಂಬಿತು. ಒಪ್ಪಿದೆ. ಆದರ ಕಾಕೂ, ಒಂದು ದಿನ ತುಂಬಿತು. ನಾಳೆ? ಆ ಕಾರ್ಯಾಲಯದಾಂವ ದೀಪಾವಳಿ ಮುಗಿದ ಕೂಡ್ಲೆ ಸಹಿ ಕೇಳ್ತಾನ."

"ಮುಯ್ಯಿ ಕೈಯೊಡ್ಡಿ ತಗೊಂಡವ್ರು ನೀವ," ಎಂದರು ಕಾಕೂ. "ಹೊಳ್ಳಿ ಮುಟ್ಟಿಸಬೇಕಲ್ಲ? ಮುಟ್ಟಿಸೂ ಮೊದಲ ಬಾಗಲಾ ಹಾಕ್ಕೊಂಡು ಹೋದ್ರ ಮಂದಿ ಏನಂತಾರ?"

ಭಾಷಣ ಮಾಡಿ ಅಧ್ಯಕ್ಷರ ಮನಸ್ಸು ತಿರುಗಿಸಲು ನಮಗ್ಯಾರಿಗೂ ಆಗುತ್ತಿರಲಿಲ್ಲ. ಮುಯ್ಯಿಯ ಮಾತು ಮಾತ್ರ ಅವರ ಊರಿನ ಮನೆಯ ಅಂಗಳದಿಂದ ಬಂದದ್ದು. ಅದನ್ನು ತೆಗೆದುಹಾಕುವುದು ಅವರಿಗೆ ಶಕ್ಯವಿರಲಿಲ್ಲ.

ಎರಡು ವಾರಕ್ಕೆ ಶರಣಮ್ಮನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯ ಬಂತು. ಅಧ್ಯಕ್ಷರು, ಕಾಕೂ, ನಾನು ಹೋದೆವು. ಅಧ್ಯಕ್ಷರು ತಮ್ಮ ಅಂಗಡಿಯಿಂದ ಬಾಣಂತಿಗೆ ಒಂದು ಇಳಕಲ್ ಸೀರೆ, ಕೂಸಿಗೆ ಕುಲಾಯಿ ತಂದಿದ್ದರು. ತಗಡಿನ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಹೋದರೆ ಕೂಡಲು ಜಾಗವೇ ಇಲ್ಲ; ಹೆಂಗಸರು ಸರಿದು ಸರಿದು ಜಾಗ ಮಾಡಿದರು. ಮುತ್ಯಾ ಅಧ್ಯಕ್ಷರನ್ನು ತಮ್ಮ ಮಗ್ಗುಲಲ್ಲೇ ಕೂಡಿಸಿಕೊಂಡರು. ಹಾಡು ಆಯಿತು, ಹೆಸರು ಇಟ್ಟಾಯಿತು, ಗುಗ್ಗರಿ ಹಂಚಿದರು. ಆಗ ಮುತ್ಯಾ ಕೇಳಿದರು: "ಮತ್ತ ಯಾವಾಗ ಕರೀತೀರಿ ಸಾವಕಾರ್ರ, ನಿಮ್ಮ ಮಂದಿರಕ್ಕ?"

ಅಧ್ಯಕ್ಷರು ಕಾಕೂ ಕಡೆ ನೋಡಿದರು. ಕಾಕೂ ಗುಗ್ಗರಿಯಲ್ಲಿ ಹರಳು ಹುಡುಕುವವರ ಹಾಗೆ ತಲೆ ತಗ್ಗಿಸಿದ್ದರು. ನನ್ನ ಕಡೆ ನೋಡಿದರು. ನಾನು ತೊಟ್ಟಿಲು ನೋಡಿದೆ. ಕೊನೆಗೆ ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, "ದೀಪಾವಳಿ ಆದಮ್ಯಾಲೆ... ಮೊದಲ ಗುರುವಾರ" ಎಂದರು. ಅಂದರೆ ಕರಾರಿಗೆ ಸಹಿ ಬೀಳಬೇಕಾಗಿದ್ದ ವಾರ. ಅವರು ಆ ಮಾತು ಆಡಿದ್ದು ಕಮಿಟಿಯ ಮುಂದಲ್ಲ, ಒಂದು ತಗಡಿನ ಮನೆಯಲ್ಲಿ, ಬಾಯಲ್ಲಿ ಗುಗ್ಗರಿ ಇಟ್ಟುಕೊಂಡು.

ಕಾಲುವೆಯ ದಂಡೆಗುಂಟ ಮರಳುವಾಗ ಅವರಿಗೆ ಎಚ್ಚರವಾಯಿತು. "ಕಾಕೂ, ಹೇಳಿಬಿಟ್ಟೆನಲ್ಲ! ಅವತ್ತ ಏನು ಕಾರ್ಯಕ್ರಮ ಇಡೂದು? ನಮ್ಮ ಹತ್ರ ಏನೂ ಇಲ್ಲ."

"ನಮ್ಮ ಹತ್ರ ಇಲ್ಲ, ಅವರ ಹತ್ರ ಅದ. ಮುತ್ಯಾ ಊರಾಗಿದ್ದಾಗ ದೊಡ್ಡಾಟದಾಗ ರಾಜನ ವೇಷ ಹಾಕ್ತಿದ್ದನಂತ. ಮದ್ದಲಿ ಬಾರಸಾಂವ ಇನ್ನೊಂದು ಓಣ್ಯಾಗ ಇದ್ದಾನ. ನೀವು ಗುಗ್ಗರಿ ತಿನ್ನೂ ಮುಂದ ನಾ ಕೇಳಿ ಬಂದೀನಿ. ಇನ್ನ ಅವರು ಆಡ್ತಾರ, ನಾವು ಕೂತು ನೋಡೋಣು."

ಆಮೇಲಿನ ಎಂಟು-ಹತ್ತು ವರ್ಷ ಹೀಗೇ ನಡೆಯಿತು. ನಾವು ಅಲ್ಲಿಗೆ, ಅವರು ಇಲ್ಲಿಗೆ. ಮುಯ್ಯಿಯನ್ನು ತಂದದ್ದಕ್ಕಿಂತ ತುಸು ಹೆಚ್ಚಿಗೆ ಸೇರಿಸಿ ಮರಳಿಸುವುದು ರೂಢಿಯಾದ್ದರಿಂದ ಅದು ತೀರುವ ಮಾತೇ ಇಲ್ಲ. ನೆರೆಯ ಮರಾಠಿ ವಾಡೆಗಳ ಮಂದಿಯೂ ಭಜನೆಗೆ ತಾಳ ಹಿಡಿದು ಬರತೊಡಗಿದರು. ಕರಾರಿನ ಸುದ್ದಿಯನ್ನು ಮತ್ತೆ ಯಾರೂ ಎತ್ತಲಿಲ್ಲ. ಆದರೆ ಇವತ್ತು ಕಾಕೂ ಎಂದಾಕ್ಷಣ ನನಗೆ ನೆನಪಾಗುವುದು ಆ ಎಲ್ಲ ವರ್ಷಗಳಲ್ಲ, ಆ ಮೊದಲ ವರ್ಷದ ದೀಪಾವಳಿ ಮುಗಿದ ಮರುದಿನದ ಸಂಜೆ, ಅದರ ಬೆನ್ನಿಗೆ ಬಂದ ಗುರುವಾರ.

ನಾನು ಬ್ಯಾಂಕಿನಿಂದ ಬಂದು ಅಂಗಿ ಬಿಚ್ಚುತ್ತಿದ್ದೆ. ಬಾಗಿಲು ಬಡಿದ ಸದ್ದು. ತೆಗೆದರೆ ಮುತ್ಯಾ, ಶರಣಮ್ಮ, ಹಿಂದೆ ಇನ್ನಿಬ್ಬರು ಹೆಂಗಸರು. ನನ್ನ ಮನೆ ಹುಡುಕಿಕೊಂಡು ಮೂರು ಮಹಡಿ ಹತ್ತಿ ಬಂದಿದ್ದರು. ಅಧ್ಯಕ್ಷರ ಮನೆ ಹಿರಿಯರ ಮನೆ ಅಂತ ಮೊದಲು ಅಲ್ಲಿಗೆ ಹೋಗಿಯಾಗಿತ್ತಂತೆ. ಒಳಗೆ ಬಂದು ಕೂತರು. ಶರಣಮ್ಮ ನನ್ನ ಹೆಂಡತಿಯ ಹಣೆಗೆ ಕುಂಕುಮ ಹಚ್ಚಿ, ನಮ್ಮಿಬ್ಬರ ಕೈಗೂ ನಾಲ್ಕು ಅಕ್ಕಿಕಾಳು ಹಾಕಿದಳು. ಮುತ್ಯಾ ಪಟಗ ಸರಿಮಾಡಿಕೊಂಡು ಹೇಳಿದರು: "ಗುರುವಾರ ನಮ್ಮದು ಆಟ ಅದ್ರೀ ಸರ್ರ, ಕಲಾಮಂದಿರದಾಗ. ಮನಿಮಂದಿ ಎಲ್ಲಾರೂ ಬರಬೇಕು."

ನಮ್ಮದೇ ಮಂದಿರಕ್ಕೆ ನಮ್ಮನ್ನು ಕರೆಯಲು ಬಂದಿದ್ದರು. ನಾನು ಅಕ್ಕಿಕಾಳನ್ನು ಹಿಡಿದುಕೊಂಡು ಏನು ಹೇಳಬೇಕು ತಿಳಿಯದೆ ಕೂತೆ. ನನ್ನ ಹೆಂಡತಿಯೇ, "ಚಹಾ ಇಡ್ತೀನಿ, ಕೂಡ್ರಿ" ಎಂದು ಎದ್ದಳು.

ಗುರುವಾರ ರಜೆ ಹಾಕಿ ಹೋದೆ. ಮಂದಿರದ ಬಾಗಿಲ ಒಳಗೆ ಜಮಖಾನೆ ಹಾಸಿ ಶರಣಮ್ಮ ಕೂತಿದ್ದಳು, ಮನೆಯೊಡತಿಯ ಹಾಗೆ. ಹೊರಗೆ ಮೆಟ್ಟಿಲುಗಳ ಮೇಲೆ ಸಾಲು. ಅಧ್ಯಕ್ಷರು, ಅವರ ಮನೆಯವರು, ಕೋಥರೂಡದಿಂದ ಎರಡು ಬಸ್ಸು ಹಿಡಿದು ಬಂದ ಹಳೇ ಸದಸ್ಯರು, ಎಲ್ಲರ ಕೈಯಲ್ಲೂ ಏನಾದರೊಂದು. ನನ್ನ ಮುಂದೆಯೇ ಕಾಕೂ ನಿಂತಿದ್ದರು, ಕಂಕುಳಲ್ಲಿ ಛತ್ರಿ, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು. ಒಳಗಿನಿಂದ ಮದ್ದಲೆಯ ಮೊದಲ ಪೆಟ್ಟು ಕೇಳಿಸಿತು. ಅವರು ತಿರುಗಿ ನನ್ನ ಕೈ ನೋಡಿ, ಟೆಂಗಿನಕಾಯಿ ಇದ್ದದ್ದು ಖಾತ್ರಿಯಾದ ಮೇಲೆ, "ಮುಂದ ಸರಿ, ತಮ್ಮಾ," ಎಂದರು, "ಕರದಾರ."